ಒಂದೇ ಪ್ರತಿಜ್ಞೆ, ಎರಡು ಯುದ್ಧ: ಸ್ಕಾಟ್ಲೆಂಡಿನ ಮಾಂಟ್ರೋಸ್ ಯಾರ ಕಡೆಯವನು?

ಜೇಮ್ಸ್ ಗ್ರಹಾಂ, ಮಾಂಟ್ರೋಸ್‌ನ ಮಾರ್ಕ್ವಿಸ್. ಸ್ಕಾಟ್ಲೆಂಡಿನ ದೊಡ್ಡ ಮನೆತನದ ಸರದಾರ. 1650ರ ಮೇ 21ರಂದು ಅವನನ್ನು ಎಡಿನ್‌ಬರೋ ಪೇಟೆಯ ನಟ್ಟನಡುವೆ ಗಲ್ಲಿಗೇರಿಸಿದರು. ರಾಜನ ಪರವಾಗಿ ಕತ್ತಿ ಹಿಡಿದ ಅನ್ನುವುದೇ ಅಪರಾಧ. ಇಷ್ಟೇ ಆಗಿದ್ದರೆ ಕತೆ ಸುಲಭ. ಆದರೆ ಹನ್ನೆರಡು ವರ್ಷ ಹಿಂದೆ ಸ್ಕಾಟ್ಲೆಂಡ್ ರಾಜನ ಧರ್ಮನೀತಿಯ ವಿರುದ್ಧ ಎದ್ದು ನಿಂತಾಗ, ಅದರ ಪ್ರತಿಜ್ಞಾಪತ್ರಕ್ಕೆ ಮೊದಲು ಸಹಿ ಹಾಕಿದವರಲ್ಲಿ ಇವನೂ ಒಬ್ಬ. ಗಲ್ಲಿಗೇರಿಸಿದವರೂ ಅದೇ ಪತ್ರಕ್ಕೆ ಸಹಿ ಹಾಕಿದವರೇ. ಇನ್ನೂ ವಿಚಿತ್ರ ಏನೆಂದರೆ, ಆ ಹೊತ್ತಿಗೆ ಅವರು ಅದೇ ರಾಜನ ಮಗನನ್ನು ಕರೆಸಿ ಪಟ್ಟ ಕಟ್ಟುವ ಒಪ್ಪಂದ ಮಾಡಿಕೊಂಡು ಆಗಿತ್ತು!

ಮೇಲ್ನೋಟಕ್ಕೆ ಮಾಂಟ್ರೋಸ್ ಒಬ್ಬ ಪಕ್ಷಾಂತರಿ. ಅವನ ಕಾಲದ ಎದುರಾಳಿಗಳೂ ಹಾಗೇ ಅಂದರು. ನನಗೆ ಹಾಗನ್ನಿಸುವುದಿಲ್ಲ. 1638ರ ಆ ಪತ್ರದಲ್ಲೇ ಎರಡು ಮಾತು ಕೊಟ್ಟಿದ್ದರು: ಧರ್ಮ ಉಳಿಸುತ್ತೇವೆ, ರಾಜನನ್ನೂ ಕಾಯುತ್ತೇವೆ. ಎರಡನ್ನೂ ಒಟ್ಟಿಗೆ ನಡೆಸಲು ಆಗದ ದಿನ ಬಂತು. ಯಾರು ಯಾವ ಮಾತಿಗೆ ಅಂಟಿಕೊಂಡರು ಅನ್ನುವುದರ ಮೇಲೆ ಊರು, ಮನೆತನ, ಸ್ನೇಹ ಎಲ್ಲಾ ಒಡೆದವು.

ಬಿಷಪ್ ಯಾಕೆ ಬೇಡವಾದ?

ಸ್ಕಾಟ್ಲೆಂಡ್ 1560ರಲ್ಲೇ ಪೋಪ್‌ನ ಅಧಿಕಾರವನ್ನು ಕಿತ್ತೆಸೆದಿತ್ತು. ಅಲ್ಲಿಂದಾಚೆ ಬೆಳೆದ ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಊರಿನ ಚರ್ಚನ್ನು ನಡೆಸುವುದು ಪಾದ್ರಿ ಮತ್ತು ಊರವರೇ ಆದ ಕೆಲವು ಹಿರಿಯರು. ಅವರ ಮೇಲೆ ಸುತ್ತಲಿನ ಚರ್ಚುಗಳದ್ದೊಂದು ಸಭೆ. ಎಲ್ಲದರ ಮೇಲೆ ಜನರಲ್ ಅಸೆಂಬ್ಲಿ ಎಂಬ ಮಹಾಸಭೆ. ಇಡೀ ಏರ್ಪಾಡಿನಲ್ಲಿ ರಾಜ ಕೈಯಾಡಿಸಲು ಜಾಗ ಇಲ್ಲ. ಬಿಷಪ್‌ಗಳಿದ್ದರೆ ಹಾಗಲ್ಲ. ಅವರನ್ನು ನೇಮಿಸುವವನು ರಾಜ. ಬಿಷಪ್ ಎಂದರೆ ಚರ್ಚಿನೊಳಗೆ ಕೂತ ರಾಜನ ಮನುಷ್ಯ.

1603ರಲ್ಲಿ ಸ್ಕಾಟ್ಲೆಂಡಿನ ಆರನೇ ಜೇಮ್ಸ್‌ಗೆ ಇಂಗ್ಲೆಂಡಿನ ಪಟ್ಟವೂ ಸಿಕ್ಕಿತು. ಅವನು ಲಂಡನ್‌ಗೆ ಹೋದವನು ತವರಿಗೆ ತಿರುಗಿ ಬಂದಿದ್ದು ಒಂದೇ ಸಲ. ದೇಶ ಎರಡು, ಪಾರ್ಲಿಮೆಂಟ್ ಎರಡು, ಚರ್ಚು ಎರಡು ಬಗೆ, ರಾಜ ಮಾತ್ರ ಒಬ್ಬ. ಜೇಮ್ಸ್ ಚಾಲಾಕಿ. ಸ್ಕಾಟ್ಲೆಂಡಿನಲ್ಲಿ ನಿಧಾನವಾಗಿ ಬಿಷಪ್‌ಗಳನ್ನು ತಂದ, ಜನ ಗೊಣಗಿದಾಗ ಸುಮ್ಮನಾದ. 1625ರಲ್ಲಿ ಪಟ್ಟಕ್ಕೆ ಬಂದ ಮಗ ಒಂದನೇ ಚಾರ್ಲ್ಸ್‌ಗೆ ಸುಮ್ಮನಾಗುವುದು ಗೊತ್ತಿರಲಿಲ್ಲ.

ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಹಿಂದೆ ಸರದಾರರ ಕೈಸೇರಿದ್ದ ಚರ್ಚಿನ ಜಮೀನು ಮತ್ತು ಅರಮನೆಯ ಜಮೀನನ್ನು ವಾಪಸ್ ಪಡೆಯುವ ಹುಕುಂ. ಎಷ್ಟೋ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಆ ಜಮೀನಿನ ಮೇಲೇ ಬದುಕಿದ್ದವು. ಹುಕುಂ ಪೂರ್ತಿ ಜಾರಿಯಾಗಲಿಲ್ಲ. ಆದರೆ ಭಯ ಒಳಗೇ ಉಳಿಯಿತು. 1638ರ ದಂಗೆಯನ್ನು ಬರೀ ಭಕ್ತಿಯ ಕಣ್ಣಲ್ಲಿ ನೋಡುವವರು ಈ ಜಮೀನಿನ ವಿಷಯವನ್ನು ಮರೆಯುತ್ತಾರೆ. ಪಾದ್ರಿಗೆ ಪೂಜಾ ಪದ್ಧತಿಯ ಚಿಂತೆ, ಸರದಾರನಿಗೆ ಆಸ್ತಿಯ ಚಿಂತೆ. ಇಬ್ಬರಿಗೂ ಬಿಷಪ್ ಬೇಡ.

1637ರ ಜುಲೈ 23, ಭಾನುವಾರ. ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ರಾಜ ಕಳಿಸಿದ ಹೊಸ ಪ್ರಾರ್ಥನಾ ಪುಸ್ತಕವನ್ನು ಓದಲು ಶುರು ಮಾಡಿದರು. ಇಂಗ್ಲೆಂಡಿನ ಮಾದರಿಯ ಪುಸ್ತಕ. ಸ್ಕಾಟ್ಲೆಂಡಿನ ಮಹಾಸಭೆಯನ್ನಾಗಲೀ ಪಾರ್ಲಿಮೆಂಟನ್ನಾಗಲೀ ಕೇಳಿರಲಿಲ್ಲ. ಕೂತಿದ್ದ ಹೆಂಗಸರು ಕೂಗಾಡಿದರು, ಸ್ಟೂಲುಗಳು ಹಾರಿದವು. ಜೆನ್ನಿ ಗೆಡ್ಡಿಸ್ ಎಂಬ ವ್ಯಾಪಾರದ ಹೆಂಗಸು ಮೊದಲ ಸ್ಟೂಲ್ ಎಸೆದಳು ಅನ್ನುವುದು ಜನಪ್ರಿಯ ಕತೆ. ಅವಳು ನಿಜವೋ ಕಟ್ಟುಕತೆಯೋ, ಗಲಾಟೆ ಮಾತ್ರ ನಿಜ.

ಏಳು ತಿಂಗಳಲ್ಲಿ ಗಲಾಟೆ ಚಳವಳಿಯಾಯಿತು. 1638ರ ಫೆಬ್ರವರಿ 28ರಂದು ಗ್ರೇಫ್ರಯರ್ಸ್ ಚರ್ಚಿನಲ್ಲಿ 'ನ್ಯಾಷನಲ್ ಕವೆನಂಟ್' ಎಂಬ ಪ್ರತಿಜ್ಞಾಪತ್ರಕ್ಕೆ ಸರದಾರರು ಸಹಿ ಹಾಕಿದರು. ಆಮೇಲೆ ಪಾದ್ರಿಗಳು, ವರ್ತಕರು, ಊರೂರಿನ ಜನ. ಬರೆದವರು ಅಲೆಕ್ಸಾಂಡರ್ ಹೆಂಡರ್ಸನ್ ಎಂಬ ಪಾದ್ರಿ ಮತ್ತು ವಾರಿಸ್ಟನ್‌ನ ಆರ್ಚಿಬಾಲ್ಡ್ ಜಾನ್‌ಸ್ಟನ್ ಎಂಬ ವಕೀಲ. ಜಾನ್‌ಸ್ಟನ್‌ನ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತಾನೆ.

ಪತ್ರದಲ್ಲಿ ವಕೀಲರ ಕೈಚಳಕ ಕಾಣುತ್ತದೆ. ನಾವು ನಿಜವಾದ ಧರ್ಮವನ್ನು ಕಾಯುತ್ತೇವೆ ಅನ್ನುತ್ತದೆ. ಅದೇ ಉಸಿರಿನಲ್ಲಿ, ಧರ್ಮ, ಕಾನೂನು, ಸ್ವಾತಂತ್ರ್ಯವನ್ನು ಕಾಯುವ ರಾಜನಿಗೆ ಬೆಂಗಾವಲಾಗಿ ನಿಲ್ಲುತ್ತೇವೆ ಅನ್ನುತ್ತದೆ. ರಾಜ ಅವನ್ನು ಕಾಯದಿದ್ದರೆ? ಅದಕ್ಕೆ ಪತ್ರದಲ್ಲಿ ಉತ್ತರ ಇಲ್ಲ. ಉತ್ತರ ಇಲ್ಲದ್ದರಿಂದಲೇ ಅಷ್ಟೊಂದು ಜನ ಸಹಿ ಹಾಕಿದರು. ಬಿಸಿರಕ್ತದ ಪಾದ್ರಿ ಮೊದಲರ್ಧ ಓದಿಕೊಂಡ, ಹಳೇ ಮನೆತನದ ಸರದಾರ ಉಳಿದರ್ಧ ಓದಿಕೊಂಡ.

ಹುಡುಗ ಸರದಾರ

ಸಹಿ ಹಾಕುವಾಗ ಮಾಂಟ್ರೋಸ್‌ಗೆ ಇಪ್ಪತ್ತೈದರ ಆಸುಪಾಸು. ಹುಟ್ಟಿದ್ದು 1612. ಅಪ್ಪ 1626ರಲ್ಲಿ ತೀರಿಕೊಂಡಾಗ ಹದಿಹರೆಯದಲ್ಲೇ ಐದನೇ ಅರ್ಲ್ ಆದ. ಅಂದಿನ ಸ್ಕಾಟಿಷ್ ಅರ್ಲ್ ಎಂದರೆ ಬರೀ ಬಿರುದಲ್ಲ. ನಮ್ಮ ಪಾಳೆಯಗಾರರ ಹಾಗೆ ಅವನಿಗೆ ಸ್ವಂತ ಸೀಮೆ, ಒಕ್ಕಲು, ಕರೆದರೆ ಆಯುಧ ಹಿಡಿದು ಬರುವ ಜನ ಇರುತ್ತಿದ್ದರು. ದೊಡ್ಡ ಮನೆತನ ಯಾವ ಕಡೆ ವಾಲುತ್ತದೋ ಸೀಮೆಯೂ ಆ ಕಡೆಗೇ.

ಹುಡುಗನಿಗೆ ಪೋಷಕನಾಗಿ ನಿಂತವರಲ್ಲಿ ಮುಖ್ಯವಾದವನು ಅಕ್ಕನ ಗಂಡ ಆರ್ಚಿಬಾಲ್ಡ್ ನೇಪಿಯರ್. ಪಿಯುಸಿಯಲ್ಲಿ ಲಾಗರಿದಂ ಟೇಬಲ್ ತಿರುವಿದವರಿಗೆ ಈ ಮನೆ ಗೊತ್ತು. ಲಾಗರಿದಂ ಕಂಡುಹಿಡಿದ ಜಾನ್ ನೇಪಿಯರ್‌ನ ಮಗ ಇವನು. ಭಾವ, ಭಾವಮೈದುನರ ಈ ನಂಟು ಕೊನೆಯವರೆಗೂ ಗಟ್ಟಿಯಾಗಿತ್ತು.

ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಓದು, ಜೊತೆಗೆ ಗಾಲ್ಫ್, ಬಿಲ್ಲುಗಾರಿಕೆ. ಅಲ್ಲಿನ ಬೆಳ್ಳಿ ಬಾಣದ ಪಂದ್ಯವನ್ನೂ ಗೆದ್ದಿದ್ದ. ಹದಿನೇಳಕ್ಕೆ ಮದುವೆ, ಹೆಂಡತಿ ಮ್ಯಾಗ್ಡಲೀನ್ ಕಾರ್ನೆಗಿ. ಆಮೇಲೆ ಮೂರು ವರ್ಷ ಫ್ರಾನ್ಸ್, ಇಟಲಿ ಸುತ್ತಾಟ. ವಾಪಸ್ ಬರುವಾಗ ಲಂಡನ್‌ನಲ್ಲಿ ರಾಜನನ್ನು ಕಾಣಲು ಹೋದರೆ ಚಾರ್ಲ್ಸ್ ಸರಿಯಾಗಿ ಮಾತೂ ಆಡಿಸಲಿಲ್ಲ. ಈ ಅವಮಾನಕ್ಕೇ ಅವನು ಕವೆನಂಟ್ ಕಡೆ ಹೋದ ಎಂದು ಬರೆಯುವವರಿದ್ದಾರೆ. ಸ್ವಲ್ಪ ಇರಬಹುದು. ಆದರೆ ಆ ವರ್ಷ ಹೆಚ್ಚುಕಡಿಮೆ ಇಡೀ ಸರದಾರ ವರ್ಗವೇ ಸಹಿ ಹಾಕಿತ್ತು, ಅವರನ್ನೆಲ್ಲಾ ರಾಜ ಅವಮಾನ ಮಾಡಿರಲಿಲ್ಲವಲ್ಲ.

1639ರಲ್ಲಿ ರಾಜ ಸೈನ್ಯ ಕಟ್ಟಿದ, ಕವೆನಂಟರ್‌ಗಳೂ ಕಟ್ಟಿದರು. ಉತ್ತರದ ಆಬರ್ಡೀನ್ ಊರು ರಾಜನ ಕಡೆಗಿತ್ತು. ಅದನ್ನು ಬಗ್ಗಿಸಲು ಕಳಿಸಿದ್ದು ಮಾಂಟ್ರೋಸ್‌ನನ್ನು. ಅವನು ಊರನ್ನು ಹಿಡಿದ, ದಂಡ ಹಾಕಿದ, ಕವೆನಂಟ್‌ಗೆ ಸಹಿ ಹಾಕಿಸಿದ. ಲೂಟಿಗೆ ಬಿಡಲಿಲ್ಲ. 1640ರ ಆಗಸ್ಟ್‌ನಲ್ಲಿ ಸ್ಕಾಟಿಷ್ ಸೈನ್ಯ ಇಂಗ್ಲೆಂಡಿನ ಮೇಲೆ ನುಗ್ಗಿದಾಗ ಗಡಿಯ ಟ್ವೀಡ್ ನದಿಗೆ ಮೊದಲು ಇಳಿದವನೂ ಅವನೇ.

ಆದರೆ ಅದೇ ತಿಂಗಳು ಅವನು ಕೆಲವು ಸರದಾರರ ಜೊತೆ ಗುಟ್ಟಾಗಿ ಇನ್ನೊಂದು ಪತ್ರಕ್ಕೂ ಸಹಿ ಹಾಕಿದ್ದ. ಚಳವಳಿ ಕೆಲವೇ ಜನರ ಕೈಗೆ ಹೋಗುತ್ತಿದೆ, ಅದನ್ನು ತಡೆಯಬೇಕು ಅನ್ನುವುದು ಅದರ ಸಾರ. ಹೆಸರು ಹೇಳದಿದ್ದರೂ ಗುರಿ ಒಬ್ಬನೇ: ಆರ್ಗೈಲ್.

ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್, ಆರ್ಗೈಲ್‌ನ ಅರ್ಲ್, ಮುಂದೆ ಮಾರ್ಕ್ವಿಸ್. ಪಶ್ಚಿಮದ ಬೆಟ್ಟಸೀಮೆಯಲ್ಲಿ ಸಾವಿರಾರು ಮಂದಿಯನ್ನು ಕಣಕ್ಕಿಳಿಸಬಲ್ಲ ಕ್ಯಾಂಪ್‌ಬೆಲ್ ಕುಲದ ಯಜಮಾನ. ಮಾಂಟ್ರೋಸ್ ಸಹಿ ಹಾಕಿದಾಗ ಇವನು ಇನ್ನೂ ಬೇಲಿಯ ಮೇಲಿದ್ದ. 1638ರ ಕೊನೆಯಲ್ಲಿ ಗ್ಲಾಸ್ಗೋ ಮಹಾಸಭೆ ಬಿಷಪ್‌ಗಳನ್ನೇ ತೆಗೆದುಹಾಕಿದಾಗ ಬಹಿರಂಗವಾಗಿ ಬಂದು ಸೇರಿಕೊಂಡ. ತಡವಾಗಿ ಬಂದವನು ಎರಡು ವರ್ಷದಲ್ಲಿ ಎಲ್ಲರಿಗಿಂತ ಮುಂದೆ ಹೋದ. ರಣರಂಗದಲ್ಲಿ ಹೇಳಿಕೊಳ್ಳುವಂಥವನಲ್ಲ, ರಾಜಕೀಯದಲ್ಲಿ ಅವನ ಸಮ ಇರಲಿಲ್ಲ. ಗುಟ್ಟಿನ ಪತ್ರ ಬಯಲಾಯಿತು. 1641ರಲ್ಲಿ ಮಾಂಟ್ರೋಸ್, ನೇಪಿಯರ್ ಇಬ್ಬರನ್ನೂ ಎಡಿನ್‌ಬರೋ ಕೋಟೆಯಲ್ಲಿ ಕೂಡಿಹಾಕಿದರು. ಐದು ತಿಂಗಳು ಒಳಗಿದ್ದರು.

ಅದೇ ವರ್ಷ ಚಾರ್ಲ್ಸ್ ಎಡಿನ್‌ಬರೋಗೆ ಬಂದು ಕವೆನಂಟರ್‌ಗಳು ಕೇಳಿದ್ದನ್ನೆಲ್ಲಾ ಕೊಟ್ಟ. ಬಿಷಪ್‌ಗಳು ಹೋದರು. ಮಾಂಟ್ರೋಸ್‌ನ ಲೆಕ್ಕದಲ್ಲಿ ಜಗಳ ಅಲ್ಲಿಗೆ ಮುಗಿಯಿತು. ಆರ್ಗೈಲ್‌ನ ಲೆಕ್ಕ ಬೇರೆ. ಈ ರಾಜನ ಕೈಯಲ್ಲಿ ಮತ್ತೆ ಬಲ ಬಂದರೆ ಕೊಟ್ಟಿದ್ದನ್ನೆಲ್ಲಾ ಕಿತ್ತುಕೊಳ್ಳುತ್ತಾನೆ ಎಂದು ಅವನು ಎಣಿಸಿದ. ನ್ಯಾಯವಾಗಿ ಹೇಳಬೇಕೆಂದರೆ ಆರ್ಗೈಲ್‌ನ ಅನುಮಾನ ತಪ್ಪಲ್ಲ. ಚಾರ್ಲ್ಸ್‌ನ ಮಾತು ನಂಬುವಂಥದ್ದಾಗಿರಲಿಲ್ಲ.

1642ರಲ್ಲಿ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. 1643ರಲ್ಲಿ ಕವೆನಂಟರ್‌ಗಳು ಪಾರ್ಲಿಮೆಂಟಿನ ಜೊತೆ ಎರಡನೇ ಪ್ರತಿಜ್ಞೆ ಮಾಡಿಕೊಂಡು, ಮರುವರ್ಷ ಸೈನ್ಯ ಕಳಿಸಿದರು. ಇಲ್ಲಿ ಮಾಂಟ್ರೋಸ್ ದಾರಿ ಬಿಟ್ಟ. ಮೊದಲನೆಯದಕ್ಕೆ ಸಹಿ ಹಾಕಿದ್ದ, ಎರಡನೆಯದಕ್ಕೆ ಹಾಕಲಿಲ್ಲ.

ಹಿಮದಲ್ಲಿ ನಡಿಗೆ

1644ರಲ್ಲಿ ರಾಜ ಅವನನ್ನು ಮಾರ್ಕ್ವಿಸ್ ಮಾಡಿ ಸ್ಕಾಟ್ಲೆಂಡಿನ ಸೇನಾ ಹೊಣೆ ಕೊಟ್ಟ. ಕೊಟ್ಟಿದ್ದು ಹೊಣೆ ಮಾತ್ರ, ಸೈನ್ಯ ಇಲ್ಲ. ಆಗಸ್ಟ್‌ನಲ್ಲಿ ಮಾಂಟ್ರೋಸ್ ಕುದುರೆ ನೋಡಿಕೊಳ್ಳುವ ಆಳಿನ ವೇಷದಲ್ಲಿ, ಇಬ್ಬರು ಸಂಗಾತಿಗಳ ಜೊತೆ ಗಡಿ ದಾಟಿದ. ಅದೇ ಹೊತ್ತಿಗೆ ಐರ್ಲೆಂಡಿನಿಂದ ಅಲಾಸ್ಟರ್ ಮ್ಯಾಕ್‌ಕೊಲ್ಲ ಎಂಬ ಮ್ಯಾಕ್‌ಡೊನಾಲ್ಡ್ ಕುಲದ ದಾಂಡಿಗ ಒಂದೂವರೆ ಎರಡು ಸಾವಿರ ಸೈನಿಕರೊಡನೆ ಇಳಿದಿದ್ದ. ಇಬ್ಬರೂ ಬ್ಲೇರ್ ಆಥಲ್‌ನಲ್ಲಿ ಸೇರಿದರು.

ಹೈಲ್ಯಾಂಡಿನ, ಅಂದರೆ ಬೆಟ್ಟಸೀಮೆಯ, ಮ್ಯಾಕ್‌ಡೊನಾಲ್ಡರು ಯಾಕೆ ಬಂದು ಸೇರಿದರು? ರಾಜಭಕ್ತಿ ಅಂತ ಹೇಳಿದರೆ ಅರ್ಧ ಸತ್ಯ. ಅವರ ನೆಲವನ್ನು ಕ್ಯಾಂಪ್‌ಬೆಲ್‌ಗಳು ತಲೆಮಾರುಗಳಿಂದ ನುಂಗುತ್ತಾ ಬಂದಿದ್ದರು. ಆರ್ಗೈಲ್ ಯಾವ ಕಡೆಯೋ ಅದರ ಎದುರು ಕಡೆ ನಾವು, ಅಷ್ಟೇ. ಪ್ರೆಸ್ಬಿಟೇರಿಯನ್ ಸರದಾರನೊಬ್ಬ ಕ್ಯಾಥೊಲಿಕ್ ಸೈನಿಕರನ್ನು ಕಟ್ಟಿಕೊಂಡು ಪ್ರೆಸ್ಬಿಟೇರಿಯನ್ ಸರ್ಕಾರದ ಮೇಲೆ ಬಿದ್ದ. ತಗ್ಗುಸೀಮೆಯ ಜನ ಇದನ್ನು ಕೊನೆಗೂ ಕ್ಷಮಿಸಲಿಲ್ಲ.

ಸೆಪ್ಟೆಂಬರ್ 1ರಂದು ಪರ್ತ್ ಹತ್ತಿರದ ಟಿಪ್ಪರ್‌ಮ್ಯೂರ್‌ನಲ್ಲಿ ಮೊದಲ ಗೆಲುವು. 13ರಂದು ಆಬರ್ಡೀನ್, ಐದು ವರ್ಷ ಹಿಂದೆ ಅವನೇ ಕವೆನಂಟ್ ಪರವಾಗಿ ಹಿಡಿದಿದ್ದ ಊರು. ಶರಣಾಗಿ ಎಂದು ದೂತನ ಜೊತೆ ತಮಟೆಯ ಹುಡುಗನನ್ನು ಕಳಿಸಿದ್ದ. ವಾಪಸ್ ಬರುವಾಗ ಆ ಹುಡುಗನನ್ನು ಯಾರೋ ಗುಂಡಿಟ್ಟು ಕೊಂದರು. ಮಾಂಟ್ರೋಸ್ ಕೆರಳಿದ. ಕಾಳಗ ಗೆದ್ದ ಮೇಲೆ ಊರನ್ನು ಸೈನಿಕರ ಕೈಗೆ ಬಿಟ್ಟ. ಲೂಟಿ, ಅತ್ಯಾಚಾರ, ಕೊಲೆ ದಿನಗಟ್ಟಲೆ ನಡೆಯಿತು. ಬಟ್ಟೆಗೆ ರಕ್ತ ಆಗಬಾರದೆಂದು ಮೊದಲು ಬಟ್ಟೆ ಬಿಚ್ಚಿಸಿ ಕೊಂದರು ಎಂದು ಊರಿನವನೊಬ್ಬ ಬರೆದಿಟ್ಟಿದ್ದಾನೆ. ಸತ್ತವರಲ್ಲಿ ರಾಜನ ಕಡೆಯ ಒಲವಿದ್ದವರೇ ಎಷ್ಟೋ ಜನ. ಮಾಂಟ್ರೋಸ್‌ನನ್ನು ಕವಿಹೃದಯದ ವೀರ ಎಂದು ಹೊಗಳುವವರು ಈ ದಿನಗಳನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು.

ಅವನು ದಂಡನಾಯಕನಾಗಿ ಎಂಥವನು ಅನ್ನುವುದಕ್ಕೆ ಇನ್ವರ್ಲಾಖಿ ಒಂದು ಸಾಕು. ಆ ಚಳಿಗಾಲ ಅವನ ಜನ ಕ್ಯಾಂಪ್‌ಬೆಲ್ ಸೀಮೆಗೇ ನುಗ್ಗಿ, ಆರ್ಗೈಲ್‌ನ ಊರಾದ ಇನ್ವರೇರಿಯನ್ನು ಸುಟ್ಟಿದ್ದರು. 1645ರ ಜನವರಿ ಕೊನೆಗೆ ಸುಮಾರು 1500 ಮಂದಿಯೊಡನೆ ಅವನು ಈಗಿನ ಫೋರ್ಟ್ ಆಗಸ್ಟಸ್ ಇರುವ ಕಡೆ ಬೀಡುಬಿಟ್ಟಿದ್ದ. ಉದ್ದನೆಯ ಕಣಿವೆ ಅದು. ಮುಂದಿನ ತುದಿಯ ಇನ್ವರ್ನೆಸ್‌ನಲ್ಲಿ ಒಂದು ಶತ್ರು ಸೈನ್ಯ. ಹಿಂದೆ ಸುಮಾರು 30 ಮೈಲಿ ದೂರದ ಇನ್ವರ್ಲಾಖಿಯಲ್ಲಿ ಆರ್ಗೈಲ್ ಬಂದು ಕೂತ. ಸುದ್ದಿ ತಂದವನು ಕೆಪ್ಪಾಕ್‌ನ ಕವಿ ಇಯಾನ್ ಲೋಮ್ ಎನ್ನುತ್ತಾರೆ.

ಕಣಿವೆಯ ದಾರಿಯಲ್ಲಿ ವಾಪಸ್ ಹೋದರೆ ಆರ್ಗೈಲ್‌ಗೆ ಗೊತ್ತಾಗುತ್ತದೆ. ಮಾಂಟ್ರೋಸ್ ಜನರನ್ನು ಪಕ್ಕದ ಬೆಟ್ಟ ಹತ್ತಿಸಿದ. ನಡುಚಳಿಗಾಲ, ಮೇಲೆಲ್ಲಾ ಹಿಮ. ಗ್ಲೆನ್ ರಾಯ್ ಎಂಬ ಕಣಿವೆಯ ಮೇಲಿಂದ ಸುತ್ತಿ, ಎರಡು ದಿನದೊಳಗೆ ಬೆನ್ ನೆವಿಸ್ ಬೆಟ್ಟದ ಬುಡಕ್ಕೆ ಬಂದರು. ಬೆಂಕಿ ಹೊತ್ತಿಸುವಂತಿಲ್ಲ. ಓಟ್ಸ್ ಹಿಟ್ಟನ್ನು ತಣ್ಣೀರಲ್ಲಿ ಕಲಸಿಕೊಂಡರು. ಮಾಂಟ್ರೋಸ್ ಕೂಡ ಅದನ್ನೇ ಚಾಕುವಿನ ತುದಿಯಲ್ಲಿ ತೆಗೆದು ತಿಂದ. ಫೆಬ್ರವರಿ 2ರ ಬೆಳಗಿನ ಜಾವ ಕಹಳೆ ಊದಿಸಿದಾಗಲೇ ಎದುರಿಗಿರುವುದು ಮಾಂಟ್ರೋಸ್‌ನ ಇಡೀ ದಂಡು ಎಂದು ಕೆಳಗಿದ್ದವರಿಗೆ ಖಾತ್ರಿಯಾಗಿದ್ದು.

ಆರ್ಗೈಲ್ ಕುದುರೆಯಿಂದ ಬಿದ್ದು ಭುಜ ನೋಯಿಸಿಕೊಂಡಿದ್ದ. ಸೈನ್ಯವನ್ನು ಬಂಧು ಡಂಕನ್ ಕ್ಯಾಂಪ್‌ಬೆಲ್‌ಗೆ ಒಪ್ಪಿಸಿ, ತಾನು ಪಕ್ಕದ ಕಡಲ ಚಾಚಿನಲ್ಲಿ ನಿಂತಿದ್ದ ಹಡಗು ಹತ್ತಿ ಅಲ್ಲಿಂದ ನೋಡಿದ. ಹೈಲ್ಯಾಂಡಿನವರ ಕಾದಾಟದ ರೀತಿ ಸರಳ: ಹತ್ತಿರ ಬರುವವರೆಗೆ ಕಾದು ಒಂದು ಸಲ ಗುಂಡು ಹಾರಿಸುವುದು, ಬಂದೂಕು ಬಿಸಾಕಿ ಕತ್ತಿ ಹಿರಿದು ಓಡಿ ಮೇಲೆ ಬೀಳುವುದು. ಆಗಿನ ಬಂದೂಕಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಕತ್ತಿ ಕುತ್ತಿಗೆಗೆ ಬಂದಿರುತ್ತಿತ್ತು. ಆರ್ಗೈಲ್‌ನ ಸೈನ್ಯ ಒಡೆದು ಓಡಿತು. ಸುಮಾರು 1500 ಮಂದಿ ಸತ್ತರು, ಹೆಚ್ಚಿನವರು ಅಟ್ಟಿಸಿಕೊಂಡು ಹೋದಾಗ. ಡಂಕನ್ ಕೂಡ ಉಳಿಯಲಿಲ್ಲ. ಮರುದಿನವೇ ಮಾಂಟ್ರೋಸ್ ರಾಜನಿಗೆ ಕಾಗದ ಬರೆದ: ಬಂಡಾಯಗಾರರ ಜೊತೆ ರಾಜಿ ಬೇಡ, ನಾನು ಸೈನ್ಯ ತರುತ್ತೇನೆ.

ಒಂದು ತಿಂಗಳ ಮೇಲೆ ಅವನ ಜೊತೆಗೇ ಅಲೆಯುತ್ತಿದ್ದ ಹದಿನಾಲ್ಕರ ಹಿರಿಮಗ ಜಾನ್ ಕಾಯಿಲೆಯಿಂದ ಸತ್ತ. ದಂಡು ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಆಲ್ಡರ್ನ್, ಜುಲೈನಲ್ಲಿ ಆಲ್ಫರ್ಡ್, ಆಗಸ್ಟ್ 15ರಂದು ಕಿಲ್ಸಿತ್. ಕಿಲ್ಸಿತ್‌ನಲ್ಲಿ ಎದುರಾಳಿ ದಂಡನಾಯಕ ಬೇಯ್ಲಿ ಅನುಭವಸ್ಥ. ಆದರೆ ಅವನ ಜೊತೆ ಆರ್ಗೈಲ್ ಸೇರಿದಂತೆ ಒಂದು ಸಮಿತಿಯೇ ಬಂದಿತ್ತು. ಶತ್ರುವಿನ ಕಣ್ಣೆದುರೇ ಸೈನ್ಯವನ್ನು ಪಕ್ಕಕ್ಕೆ ಸರಿಸಿ ಎಂದು ಸಮಿತಿ ಅಪ್ಪಣೆ ಕೊಟ್ಟಿತು, ಸರಿಸುವಾಗಲೇ ಮಾಂಟ್ರೋಸ್ ಬಂದು ಬಿದ್ದ. ಅಂದಿಗೆ ಸ್ಕಾಟ್ಲೆಂಡಿನಲ್ಲಿ ಅವನನ್ನು ಎದುರಿಸುವ ಸೈನ್ಯವೇ ಉಳಿಯಲಿಲ್ಲ.

ಇಷ್ಟೆಲ್ಲಾ ಗೆದ್ದು ಉಳಿಸಿಕೊಂಡಿದ್ದು ಬರೀ ನಾಲ್ಕು ವಾರ. ಕಾರಣ ಅವನ ಸೈನ್ಯದ ಹುಟ್ಟಿನಲ್ಲೇ ಇತ್ತು. ಹೈಲ್ಯಾಂಡಿನವರಿಗೆ ಸಂಬಳ ಇಲ್ಲ, ಲೂಟಿಯೇ ಸಂಬಳ. ಸಿಕ್ಕಿದ್ದನ್ನು ಮನೆಗೆ ಮುಟ್ಟಿಸಿ ಸುಗ್ಗಿ ಮುಗಿಸಿ ಬರಬೇಕು. ಗ್ಲಾಸ್ಗೋದಲ್ಲಿ ಲೂಟಿ ಬೇಡ ಎಂದಾಗ ಅವರು ಹೊರಟುಬಿಟ್ಟರು. ಅಲಾಸ್ಟರ್ ಕ್ಯಾಂಪ್‌ಬೆಲ್‌ಗಳ ಬೇಟೆಗೆ ಪಶ್ಚಿಮಕ್ಕೆ ಹೋದ. ಉತ್ತರದ ಗಾರ್ಡನ್ ಮನೆತನದವರು ಮುನಿಸಿಕೊಂಡು ಹೋದರು. ಸೆಪ್ಟೆಂಬರ್ 13ರ ಮಂಜಿನ ಬೆಳಗ್ಗೆ, ಸೆಲ್ಕರ್ಕ್ ಹತ್ತಿರದ ಫಿಲಿಪ್‌ಹಾದಲ್ಲಿ, ಇಂಗ್ಲೆಂಡಿನಿಂದ ಮರಳಿದ್ದ ಡೇವಿಡ್ ಲೆಸ್ಲಿಯ ಕುದುರೆ ಪಡೆ ಅವನ ಉಳಿದ ದಂಡನ್ನು ಹೊಸಕಿಹಾಕಿತು. ಜೀವದಾನದ ಭರವಸೆ ಪಡೆದು ಶರಣಾದ ಐರಿಷ್ ಸೈನಿಕರನ್ನು ಕೊಂದರು. ಬೀಡಿನಲ್ಲಿದ್ದ ಅವರ ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಪಾದ್ರಿಗಳು ಅದನ್ನು ದೇವರ ಕೆಲಸ ಅಂದರು. ಆಬರ್ಡೀನ್‌ನ ಲೆಕ್ಕ ಮಾಂಟ್ರೋಸ್ ತಲೆಗೆ ಹಾಕುವವರು ಇದನ್ನೂ ಲೆಸ್ಲಿಯ ತಲೆಗೆ ಹಾಕಬೇಕು.

ರಾಜನ ಮಗ

1646ರಲ್ಲಿ ಸೋತ ಚಾರ್ಲ್ಸ್ ಸ್ಕಾಟಿಷ್ ಸೈನ್ಯಕ್ಕೇ ಶರಣಾಗಿ, ಮಾಂಟ್ರೋಸ್‌ಗೆ ಸೈನ್ಯ ವಿಸರ್ಜಿಸಲು ಹೇಳಿ ಕಳಿಸಿದ. ಮಾಂಟ್ರೋಸ್ ಪಾದ್ರಿಯೊಬ್ಬನ ಆಳಿನ ವೇಷದಲ್ಲಿ ನಾರ್ವೆಗೆ ಹಡಗು ಹತ್ತಿದ. 1649ರ ಜನವರಿ 30ರಂದು ಲಂಡನ್‌ನಲ್ಲಿ ರಾಜನ ತಲೆ ಕಡಿದ ಸುದ್ದಿ ಕೇಳಿ ಮೂರ್ಛೆ ಹೋದ ಅನ್ನುತ್ತಾರೆ.

ಇಲ್ಲಿಂದ ಮುಂದಿನದು ಒಬ್ಬ ಹತ್ತೊಂಬತ್ತರ ಹುಡುಗನ ರಾಜಕೀಯ. ಎರಡನೇ ಚಾರ್ಲ್ಸ್ ದೇಶಭ್ರಷ್ಟನಾಗಿ ಯುರೋಪಿನಲ್ಲಿದ್ದ. ಕವೆನಂಟರ್‌ಗಳು ಕೂಡ ರಾಜನ ತಲೆ ಕಡಿದ ಇಂಗ್ಲಿಷರ ಮೇಲೆ ಸಿಟ್ಟಾಗಿ, ನೀನು ನಮ್ಮ ಪ್ರತಿಜ್ಞೆ ಒಪ್ಪಿದರೆ ನಿನಗೇ ಪಟ್ಟ ಎಂದರು. ಅವನು ಒಂದು ಕೈಯಲ್ಲಿ ಅವರ ಜೊತೆ ಚೌಕಾಸಿ ಮಾಡುತ್ತಾ, ಇನ್ನೊಂದು ಕೈಯಲ್ಲಿ ಮಾಂಟ್ರೋಸ್‌ನನ್ನು ಸ್ಕಾಟ್ಲೆಂಡಿಗೆ ಕಳಿಸಿದ. ಮಾಂಟ್ರೋಸ್ ಗೆದ್ದರೆ ಒಳ್ಳೆಯದು, ಗೆಲ್ಲದಿದ್ದರೂ ಬೆದರಿಕೆಗೆ ಆಯಿತು.

1650ರ ವಸಂತದಲ್ಲಿ ಆರ್ಕ್ನಿ ದ್ವೀಪಗಳಿಂದ ಸುಮಾರು 1200 ಮಂದಿಯೊಡನೆ ಅವನು ಬಂದ. ಆರ್ಕ್ನಿಯ ರೈತರಿಗೆ ಯುದ್ಧ ಗೊತ್ತಿಲ್ಲ, ಹೈಲ್ಯಾಂಡಿನವರು ಈ ಸಲ ಬರಲಿಲ್ಲ. ಏಪ್ರಿಲ್ 27ರಂದು ಕಾರ್ಬಿಸ್‌ಡೇಲ್‌ನಲ್ಲಿ ಕೆಲವೇ ನೂರು ಕುದುರೆ ಸವಾರರು ಅವನ ದಂಡನ್ನು ಚದುರಿಸಿದರು. ಬೆಟ್ಟದಲ್ಲಿ ಹಸಿದು ಅಲೆದವನು ಆಸಿಂಟ್‌ನ ಯಜಮಾನ ನೀಲ್ ಮ್ಯಾಕ್ಲೌಡ್‌ನ ಕೈಗೆ ಸಿಕ್ಕ, ಮ್ಯಾಕ್ಲೌಡ್ ಅವನನ್ನು ಸರ್ಕಾರಕ್ಕೆ ಒಪ್ಪಿಸಿದ. ಮೇ 1ರಂದು ಚಾರ್ಲ್ಸ್ ಕವೆನಂಟರ್‌ಗಳ ಜೊತೆ ಬ್ರೆಡಾದಲ್ಲಿ ಒಪ್ಪಂದ ಮಾಡಿಕೊಂಡ.

ಮೇ 18ರಂದು ಮಾಂಟ್ರೋಸ್‌ನನ್ನು ಗಲ್ಲಿಗೇರಿಸುವವನ ಗಾಡಿಗೆ ಕಟ್ಟಿ, ಬರಿತಲೆಯಲ್ಲಿ ಎಡಿನ್‌ಬರೋ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಕಲ್ಲು ತೂರಲಿ ಎಂದೇ ಮಾಡಿದ್ದು. ಜನ ಸುಮ್ಮನೆ ನಿಂತು ನೋಡಿದರು, ಕೆಲವರು ಅತ್ತರು. ಮೊದಲೇ ದ್ರೋಹಿ ಎಂದು ಸಾರಿದ್ದರಿಂದ ವಿಚಾರಣೆ ಇರಲಿಲ್ಲ, ಶಿಕ್ಷೆ ಓದುವುದಷ್ಟೇ. ಸೆರೆಮನೆಯಲ್ಲಿ ಪಾದ್ರಿಗಳು ಬಂದು ಕವೆನಂಟ್ ಮುರಿದೆಯಲ್ಲ ಎಂದು ಕೇಳಿದಾಗ ಅವನು ಕೊಟ್ಟ ಉತ್ತರದ ಸಾರ ದಾಖಲಾಗಿದೆ. ನಾನು ಸಹಿ ಹಾಕಿದ ಕವೆನಂಟ್‌ಗೆ ಈಗಲೂ ಬದ್ಧ. ಬಿಷಪ್‌ಗಳು ನನಗೆ ಬೇಕಾಗಿಲ್ಲ. ರಾಜ ನೀವು ಕೇಳಿದ್ದನ್ನೆಲ್ಲಾ ಕೊಟ್ಟ ಮೇಲೂ ಇಂಗ್ಲೆಂಡಿನವರ ಕೈ ಹಿಡಿದು ಅವನ ಮೇಲೆ ಬಿದ್ದಿರಲ್ಲ, ಅದನ್ನು ನಾನು ವಿರೋಧಿಸಿದೆ.

ಕೊನೆಯ ಬೆಳಗ್ಗೆ ಅವನು ತಲೆ ಬಾಚಿಕೊಳ್ಳುತ್ತಿದ್ದಾಗ, ಕವೆನಂಟ್ ಬರೆದ ಜಾನ್‌ಸ್ಟನ್ ಬಂದು ಈಗ ಅದು ಬೇಕಾ ಎಂದು ಹಂಗಿಸಿದನಂತೆ. ತಲೆ ಇನ್ನೂ ನನ್ನದೇ, ಸಂಜೆ ನಿಮ್ಮದಾದ ಮೇಲೆ ಬೇಕಾದ್ದು ಮಾಡಿಕೊಳ್ಳಿ ಎಂದನಂತೆ ಮಾಂಟ್ರೋಸ್. ಕೆಂಪು ಅಂಗಿ, ಬಿಳಿ ಕೈಗವಸು ತೊಟ್ಟು ಗಲ್ಲಿನ ಏಣಿ ಹತ್ತಿದ. ಅವನ ದಂಡಯಾತ್ರೆಗಳನ್ನು ಹೊಗಳಿ ಬರೆದ ಲ್ಯಾಟಿನ್ ಪುಸ್ತಕವನ್ನು ಕುತ್ತಿಗೆಗೆ ಕಟ್ಟಿದ್ದರು. ಆಮೇಲೆ ತಲೆಯನ್ನು ಸೆರೆಮನೆಯ ಮೇಲಿನ ಈಟಿಗೆ ಸಿಕ್ಕಿಸಿ, ಕೈಕಾಲುಗಳನ್ನು ಬೇರೆ ಬೇರೆ ಊರಿಗೆ ಕಳಿಸಿದರು. ಒಂದು ಆಬರ್ಡೀನ್‌ಗೂ ಹೋಯಿತು.

ಅವನ ಹೃದಯದ್ದು ಬೇರೆಯೇ ಕತೆ, ಅದು ನಮ್ಮ ಕಡೆಗೂ ಬರುತ್ತದೆ. ನೇಪಿಯರ್ ಮನೆಯ ಸೊಸೆಯೊಬ್ಬಳು ಗುಟ್ಟಾಗಿ ಹೃದಯವನ್ನು ತೆಗೆಸಿ ಪುಟ್ಟ ಉಕ್ಕಿನ ಡಬ್ಬಿಯಲ್ಲಿ ಇಡಿಸಿದಳು. ತಲೆಮಾರುಗಳ ನಂತರ ಅದು ಹೆಸ್ಟರ್ ನೇಪಿಯರ್ ಎಂಬಾಕೆಗೆ ಬಂತು, ಆಕೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ಗಂಡನ ಜೊತೆ ಮದುರೈಯಲ್ಲಿದ್ದಳು. ಅವಳ ಮಗ ಬರೆದ ಪತ್ರದ ಪ್ರಕಾರ, ಇದನ್ನಿಟ್ಟುಕೊಂಡವನಿಗೆ ಯುದ್ಧದಲ್ಲಿ ಗಾಯವೇ ಆಗದು ಎಂದು ಸುತ್ತಲೂ ಗಾಳಿಸುದ್ದಿ ಹಬ್ಬಿ, ಡಬ್ಬಿ ಕಳುವಾಗಿ ಅಲ್ಲಿನ ಪಾಳೆಯಗಾರನೊಬ್ಬನ ಕೈಸೇರಿತು. ಬೇಟೆಯಲ್ಲಿ ಧೈರ್ಯ ತೋರಿಸಿದ ಈ ಹುಡುಗ ಕೇಳಿದಾಗ ಆತ ವಾಪಸ್ ಕೊಟ್ಟ. ಕೊನೆಗೆ ಫ್ರಾನ್ಸ್‌ನ ಕ್ರಾಂತಿಯ ಗದ್ದಲದಲ್ಲಿ ಅದು ಕಳೆದೇಹೋಯಿತು. ಎಷ್ಟು ನಿಜವೋ, ಮನೆಮಾತಿನ ಕತೆ. ಆದರೆ ಹೆಸ್ಟರ್ ಮಾತ್ರ ನಿಜ. ಲಾಗರಿದಂ ನೇಪಿಯರ್‌ನ ಚರಿತ್ರೆಗಾಗಿ ಹಿಂದೂ ಗಣಿತದ ಮಾಹಿತಿ ಹುಡುಕುತ್ತಾ ಅವಳ ಮನೆಗೆ ಬಂದವನು ಕಾಲಿನ್ ಮೆಕೆಂಜಿ. ಮುಂದೆ ಮೈಸೂರು ಸೀಮೆಯನ್ನು ಸರ್ವೆ ಮಾಡಿಸಿ, ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿದ ಅದೇ ಮೆಕೆಂಜಿ.

ಸ್ಕಾಟ್ಲೆಂಡಿಗೆ ವಾಪಸ್ ಬರೋಣ. ಮಾಂಟ್ರೋಸ್ ಸತ್ತು ಸುಮಾರು ಒಂದು ತಿಂಗಳಿಗೆ ಎರಡನೇ ಚಾರ್ಲ್ಸ್ ಸ್ಕಾಟ್ಲೆಂಡಿನಲ್ಲಿ ಇಳಿದ, ಎರಡೂ ಕವೆನಂಟ್‌ಗಳನ್ನು ಒಪ್ಪಿ ಪ್ರಮಾಣ ಮಾಡಿದ. 1651ರ ಜನವರಿ 1ರಂದು ಸ್ಕೋನ್‌ನಲ್ಲಿ ಅವನ ತಲೆಗೆ ಕಿರೀಟ ಇಟ್ಟವನು ಆರ್ಗೈಲ್. ಆಮೇಲೆ ಇಂಗ್ಲೆಂಡಿನ ಪಾರ್ಲಿಮೆಂಟ್ ಕಡೆಯ ದಂಡನಾಯಕ ಕ್ರಾಮ್‌ವೆಲ್ ಎಲ್ಲರನ್ನೂ ಸೋಲಿಸಿದ, ಚಾರ್ಲ್ಸ್ ಮತ್ತೆ ಓಡಿಹೋದ. 1660ರಲ್ಲಿ ವಾಪಸ್ ಬಂದಾಗ ಆರ್ಗೈಲ್ ಅಭಿನಂದಿಸಲು ಲಂಡನ್‌ಗೆ ಹೋದ, ಅಲ್ಲೇ ಹಿಡಿಸಿದರು. 1661ರ ಮೇ 11ರಂದು ಮಾಂಟ್ರೋಸ್‌ನ ತುಂಡುಗಳನ್ನೆಲ್ಲಾ ಕೂಡಿಸಿ ಸೇಂಟ್ ಜೈಲ್ಸ್‌ನಲ್ಲಿ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಯಿತು. 27ರಂದು ಆರ್ಗೈಲ್‌ನ ತಲೆ ಕಡಿದು ಅದೇ ಈಟಿಗೆ ಸಿಕ್ಕಿಸಿದರು. ಜಾನ್‌ಸ್ಟನ್‌ನನ್ನು 1663ರಲ್ಲಿ ನೇಣಿಗೆ ಹಾಕಿದರು.

ಕವೆನಂಟ್‌ಗೆ ಏನಾಯಿತು? ಅದಕ್ಕೆ ಪ್ರಮಾಣ ಮಾಡಿದ್ದ ರಾಜನೇ 1662ರ ಹೊತ್ತಿಗೆ ಬಿಷಪ್‌ಗಳನ್ನು ವಾಪಸ್ ತಂದ, ಎರಡೂ ಪ್ರತಿಜ್ಞೆಗಳನ್ನು ಕಾನೂನುಬಾಹಿರ ಮಾಡಿದ. ಮುಂದಿನ ಇಪ್ಪತ್ತೈದು ವರ್ಷ ಬೆಟ್ಟದ ಮೇಲೆ ಕದ್ದುಮುಚ್ಚಿ ಪ್ರಾರ್ಥನೆ ಮಾಡುವ ಕವೆನಂಟರ್‌ಗಳನ್ನು ಸೈನಿಕರು ಬೇಟೆಯಾಡಿದರು. ಸ್ಕಾಟ್ಲೆಂಡಿನ ಚರ್ಚು ಮತ್ತೆ ಪ್ರೆಸ್ಬಿಟೇರಿಯನ್ ಆಗಿ ಗಟ್ಟಿಯಾಗಿದ್ದು 1690ರಲ್ಲಿ, ಚಾರ್ಲ್ಸ್‌ನ ತಮ್ಮನನ್ನು ಪಟ್ಟದಿಂದ ಇಳಿಸಿ ಓಡಿಸಿದ ಮೇಲೆ. ಆ ಇಳಿದ ರಾಜನ ಪರವಾಗಿ ಹೈಲ್ಯಾಂಡಿನವರನ್ನು ಕಟ್ಟಿಕೊಂಡು 1689ರಲ್ಲಿ ಕಿಲಿಕ್ರಾಂಕಿಯಲ್ಲಿ ಯುದ್ಧ ಗೆದ್ದು ಅಲ್ಲೇ ಸತ್ತವನು ಜಾನ್ ಗ್ರಹಾಂ. ಮಾಂಟ್ರೋಸ್‌ಗೆ ದೂರದ ಸಂಬಂಧಿ. ಅವನು ಕವೆನಂಟ್‌ಗೆ ಸಹಿ ಹಾಕಿರಲಿಲ್ಲ, ಕವೆನಂಟರ್‌ಗಳನ್ನು ಬೇಟೆಯಾಡಿದವರಲ್ಲೇ ಒಬ್ಬ.